ಜೋಗದ ಫೋಟೋಗೆ ಲಿಂಕಿನಲ್ಲೇ ಕತ್ತರಿ: ಇಮೇಜ್‌ಪ್ರಾಕ್ಸಿ ಬಳಸಿ ನೋಡಿದ್ದು

ಆಗುಂಬೆ ಹತ್ತಿರದ ಒಂದು ಹೋಂಸ್ಟೇಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಶಿವಮೊಗ್ಗದ ಮನೆಯಲ್ಲಿ ಕೂತು, ಫೈಬರ್ ಇಂಟರ್‌ನೆಟ್ಟಿನಲ್ಲಿ ನೋಡಿದಾಗ ಎಲ್ಲಾ ಚಕಚಕ ಅಂತ ಬರುತ್ತಿತ್ತು. ಒಮ್ಮೆ ಮಳೆಗಾಲದಲ್ಲಿ ಅಲ್ಲಿಗೇ ಹೋದೆ. ಜಗಲಿಯಲ್ಲಿ ಕೂತು ಯಜಮಾನರ ಫೋನಿನಲ್ಲಿ ಅದೇ ವೆಬ್‌ಸೈಟ್ ತೆಗೆದೆ. ಅಕ್ಷರ ಬಂತು, ಫೋಟೋ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೊದಲನೇ ಫೋಟೋ ಮೇಲಿನಿಂದ ಒಂದೊಂದೇ ಗೆರೆ ಇಳಿಯತೊಡಗಿತು, ಮಾಡಿನ ಅಂಚಿನಿಂದ ನೀರು ಇಳಿದ ಹಾಗೆ. "ಎಂಥ ಮಾರಾಯ, ನಿನ್ನ ಫೋಟೋ ಬರೋದ್ರೊಳಗೆ ಕಾಫಿ ಆರಿ ಹೋಯ್ತಲ್ಲ" ಅಂದರು ಅವರು. ನಕ್ಕೆ. ಆದರೆ ಮುಖ ಸಪ್ಪಗಾಗಿತ್ತು.

ತಪ್ಪು ಪೂರ್ತಿ ನನ್ನದು. ಅವರ ಮಗ ಫೋನಿನಲ್ಲಿ ತೆಗೆದ ಫೋಟೋಗಳನ್ನು ಹಾಗೇ ಏರಿಸಿಬಿಟ್ಟಿದ್ದೆ. ಒಂದೊಂದೂ 4,000 ಅಗಲ, 3,000 ಎತ್ತರದ ಪಿಕ್ಸೆಲ್, ಸುಮಾರು 4 ಎಂಬಿ. ಒಂದೇ ಪುಟದಲ್ಲಿ 12 ಫೋಟೋ. ಅಂದರೆ 48 ಎಂಬಿ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್, ಅಂದರೆ ಕಾಲು ಎಂಬಿ) ಸಿಕ್ಕಿದರೂ ಪುಟ ಪೂರ್ತಿ ಬರಲು ಮೂರು ನಿಮಿಷ ದಾಟುತ್ತದೆ, ಮತ್ತು ಘಟ್ಟದ ಆ ತಿರುವುಗಳಲ್ಲಿ ಮಳೆ ಹಿಡಿದಾಗ ಅಷ್ಟು ಸಿಕ್ಕಿದರೆ ಅದೇ ಪುಣ್ಯ. ಅದೇ ಫೋಟೋಗಳನ್ನು ಫೋನಿನ ಪರದೆಗೆ ಬೇಕಾದಷ್ಟೇ ಸಣ್ಣದು ಮಾಡಿ ತಲಾ 60 ಕೆಬಿಗೆ ಇಳಿಸಿದರೆ ಎಲ್ಲಾ ಸೇರಿ 720 ಕೆಬಿ. ಅದೇ ವೇಗದಲ್ಲಿ ಮೂರು ಸೆಕೆಂಡು.

ಸಣ್ಣದು ಮಾಡುವುದೇನೋ ಸರಿ, ಎಷ್ಟು ಸಣ್ಣದು? ಫೋನಿಗೆ ಒಂದು ಅಳತೆ, ಲ್ಯಾಪ್‌ಟಾಪಿಗೆ ಇನ್ನೊಂದು, ಪಟ್ಟಿಯಲ್ಲಿ ತೋರಿಸಲು ಚೌಕದ್ದು ಒಂದು, ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಕಾಣಿಸಿಕೊಳ್ಳುವುದಕ್ಕೆ ಮತ್ತೊಂದು. ಮೊದಲು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದೆ. ರಾತ್ರಿ ಕೂತು ಒಂದೊಂದೇ ಫೋಟೋ ತೆರೆದು, ಕತ್ತರಿಸಿ, ಸೇವ್ ಮಾಡಿ, ಹೆಸರಿನ ಮುಂದೆ ಸಣ್ಣದು, ದೊಡ್ಡದು ಅಂತ ಬರೆದು. ಆಮೇಲೆ ಡಿಸೈನ್ ಬದಲಾದರೆ, "ಚೌಕ ಬೇಡ, ಸ್ವಲ್ಪ ಉದ್ದ ಇರಲಿ" ಅಂದರೆ, ಮತ್ತೆ ಮೊದಲಿನಿಂದ ಶುರು.

ಇದಕ್ಕೆ ಈಗ ಚೆಂದದ ಉಪಾಯ ಇದೆ. ಮೂಲ ಫೋಟೋ ಒಂದೇ ಇಟ್ಟುಕೊಳ್ಳುವುದು. ಯಾವ ಅಳತೆ ಬೇಕೋ ಅದನ್ನು ಫೋಟೋದ ಲಿಂಕಿನಲ್ಲೇ ಬರೆಯುವುದು. ಅಗಲ 400, ಎತ್ತರ 300, ತುಂಬಿಸಿ ಕತ್ತರಿಸು, ವೆಬ್‌ಪಿ (ಫೈಲ್ ಸಣ್ಣದಾಗುವ ಒಂದು ಫೋಟೋ ಬಗೆ) ಮಾಡು ಅಂತ ಲಿಂಕಿನಲ್ಲಿ ಬರೆದರೆ ಸರ್ವರ್ ಆ ಕ್ಷಣದಲ್ಲೇ ಹಾಗೆ ಮಾಡಿ ಕೊಡುತ್ತದೆ. 400 ಅನ್ನು 800 ಮಾಡಿದರೆ ದೊಡ್ಡದು ಬರುತ್ತದೆ. ಮೂಲ ಫೋಟೋಗೆ ಏನೂ ಆಗುವುದಿಲ್ಲ. ದರ್ಜಿಗೆ ಬಟ್ಟೆ ಕೊಟ್ಟು ಅಳತೆ ಹೇಳಿದ ಹಾಗೆ, ಆದರೆ ಬಟ್ಟೆ ಕತ್ತರಿಸಿದರೂ ಥಾನು ಪೂರ್ತಿ ಹಾಗೇ ಉಳಿಯುತ್ತದೆ.

ಮೊದಲು ಹಿಡಿದದ್ದು ಹೊರದೇಶದ ಒಂದು ದೊಡ್ಡ ಸೇವೆ. ಹೆಸರು ಬೇಡ. ಉಚಿತ ಪ್ಲಾನ್ ಇತ್ತು, ಅರ್ಧ ಗಂಟೆಯಲ್ಲಿ ಶುರು ಮಾಡಿದೆ, ಫೋಟೋಗಳು ಹಾರಿಕೊಂಡು ಬಂದವು. ಹೋಂಸ್ಟೇ ಯಜಮಾನರಿಗೂ ಖುಷಿ. ಐದಾರು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಸರಾ ರಜೆ ಬಂತು.

ದಸರಾ ರಜೆ ಅಂದರೆ ನಮ್ಮ ಕಡೆ ಹೋಂಸ್ಟೇಗಳಿಗೆ ಸುಗ್ಗಿ. ಮಳೆ ಹಿಂದೆ ಸರಿದಿರುತ್ತದೆ, ಹಸಿರು ಇನ್ನೂ ಹಾಗೇ ಇರುತ್ತದೆ, ಬೆಂಗಳೂರಿನ ಕಾರುಗಳೆಲ್ಲ ಘಟ್ಟದ ಕಡೆಗೆ. ಆ ವಾರದ ನಟ್ಟನಡುವೆ ಬೆಳಗ್ಗೆ ಏಳಕ್ಕೆ ಫೋನ್ ಬಂತು. "ಫೋಟೋ ಒಂದೂ ಕಾಣ್ತಿಲ್ಲ ಮಾರಾಯ, ಬರೀ ಬಿಳಿ ಚೌಕ." ನೋಡಿದರೆ ನಿಜ. ತಿಂಗಳ ಉಚಿತ ಲೆಕ್ಕ ಮುಗಿದಿತ್ತು. ಹೇಗೆ ಮುಗಿಯಿತು? ಲಾಗ್ ತೆಗೆದು ನೋಡಿದೆ. ಯಾವುದೋ ಬಾಟ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಒಂದು ನಮ್ಮ ಜಲಪಾತದ ಫೋಟೋದ ಲಿಂಕ್ ಹಿಡಿದು ಅಗಲ 401, 402, 403 ಅಂತ ಕೇಳುತ್ತಾ ಹೋಗಿತ್ತು. ಒಂದೊಂದು ಹೊಸ ಅಳತೆಗೂ ಒಂದೊಂದು ಲೆಕ್ಕ. ಇಂಥದ್ದನ್ನು ತಡೆಯುವ ಬೀಗ ಆ ಸೇವೆಯಲ್ಲಿ ಇಲ್ಲ ಅಂತ ಅಲ್ಲ, ಇತ್ತು, ಸೆಟ್ಟಿಂಗ್ಸಿನ ಒಳಗೆ ಮೂರನೇ ಪುಟದಲ್ಲಿ, ಮೊದಲಿನಿಂದ ತೆರೆದೇ ಇತ್ತು. ದೂರು ಬರೆದೆ. ನಾಲ್ಕನೇ ದಿನ ಉತ್ತರ ಬಂತು: ದುಡ್ಡು ಕೊಡುವ ಪ್ಲಾನಿಗೆ ಹೋಗಿ. ಅಷ್ಟರಲ್ಲಿ ರಜೆ ಮುಗಿದಿತ್ತು.

ಲಿಂಕಿನಲ್ಲಿ ಸಂಖ್ಯೆ ಬದಲಿಸುವುದು ನನಗೆಷ್ಟು ಸುಲಭವೋ ದಾರಿಯಲ್ಲಿ ಹೋಗುವವನಿಗೂ ಅಷ್ಟೇ ಸುಲಭ. ಇದು ನನಗೆ ಅವತ್ತೇ ಹೊಳೆದದ್ದು. ಅದಕ್ಕೆ ಈಗ ಯಾರಾದರೂ ಇಂಥ ಸೇವೆ ಹೇಗಿದೆ ಅಂತ ಕೇಳಿದರೆ ನಾನು ಮೊದಲು ನೋಡುವುದು ವೇಗ ಅಲ್ಲ, ಬೀಗ.

ಈಗ ಬಳಸುತ್ತಿರುವುದು ಇಮೇಜ್‌ಪ್ರಾಕ್ಸಿ. ಇಂಗ್ಲಿಷಿನಲ್ಲಿ ಬರೆಯುವಾಗ ಇಮೇಜ್ ಅನ್ನು ಐ, ಎಂ, ಜಿ ಅಂತ ಮೂರೇ ಅಕ್ಷರಕ್ಕೆ ಮೊಟಕು ಮಾಡುತ್ತಾರೆ, ಓದುವಾಗ ನಾನು ಪೂರ್ತಿ ಹೇಳುತ್ತೇನೆ, ಇಲ್ಲದಿದ್ದರೆ ಕೆಮ್ಮಿದ ಹಾಗೆ ಕೇಳುತ್ತದೆ. ಇದು ಓಪನ್ ಸೋರ್ಸ್ ತಂತ್ರಾಂಶ. ಈವಿಲ್ ಮಾರ್ಷಿಯನ್ಸ್ ಅನ್ನುವ ತಂಡದಲ್ಲಿ ಹುಟ್ಟಿದ್ದು, ಗೋ ಭಾಷೆಯಲ್ಲಿ ಬರೆದದ್ದು. ಒಳಗೆ ಫೋಟೋ ಕೆಲಸ ಮಾಡುವುದು ಲಿಬ್‌ವಿಪ್ಸ್ ಅನ್ನುವ ಇನ್ನೊಂದು ತಂತ್ರಾಂಶ. ದುಡ್ಡು ಕೊಡುವ ಪ್ರೊ ಆವೃತ್ತಿಯೂ ಇದೆ, ನಾನು ಬಳಸುವುದು ಉಚಿತದ್ದು. ನಮ್ಮದೇ ಸರ್ವರಿನಲ್ಲಿ ಓಡಿಸಬೇಕು. ನನ್ನದು ಒಂದು ಕೋರ್, 1 ಜಿಬಿ ಮೆಮೊರಿಯ ಪುಟ್ಟ ಬಾಡಿಗೆ ಸರ್ವರ್, ತಿಂಗಳಿಗೆ ಸುಮಾರು 600 ರೂಪಾಯಿ. ಅದರಲ್ಲಿ ಈಗ ಏಳು ವೆಬ್‌ಸೈಟುಗಳ ಫೋಟೋ ಓಡುತ್ತಿವೆ. ಮೂರು ಹೋಂಸ್ಟೇ, ಸಾಗರದ ಒಂದು ಗಂಧದ ಕೆತ್ತನೆ ಅಂಗಡಿ, ಹಾಳೆತಟ್ಟೆ ಮಾಡುವವರದ್ದು ಒಂದು, ಉಳಿದವು ಚಿಲ್ಲರೆ.

ಡಾಕರ್ (ತಂತ್ರಾಂಶವನ್ನು ಡಬ್ಬಿ ಕಟ್ಟಿ ಓಡಿಸುವ ಸಾಧನ) ಗೊತ್ತಿದ್ದರೆ ಹಾಕಿಕೊಳ್ಳುವುದು ಒಂದೇ ಸಾಲಿನ ಕೆಲಸ. ಗೊತ್ತಿಲ್ಲದಿದ್ದರೆ ಒಂದು ಭಾನುವಾರ ಹೋಗುತ್ತದೆ.

ಬೀಗದ ವಿಷಯ ಹೇಳಿದೆನಲ್ಲ, ಇದರಲ್ಲಿ ಅದು ಹೀಗಿದೆ. ಗುಟ್ಟಿನ ಒಂದು ಕೀ, ಜೊತೆಗೆ ಸಾಲ್ಟ್ ಅಂತ ಇನ್ನೊಂದು ಗುಟ್ಟಿನ ಸಾಲು, ಇವೆರಡನ್ನು ಸರ್ವರಿಗೆ ಕೊಟ್ಟಿರುತ್ತೇವೆ. ಅಳತೆ ಮತ್ತು ಫೋಟೋದ ವಿಳಾಸ ಎರಡನ್ನೂ ಈ ಗುಟ್ಟಿನ ಜೊತೆ ಕಲಸಿದರೆ ಒಂದು ಸಹಿ ಬರುತ್ತದೆ, ಅದನ್ನು ಲಿಂಕಿನ ಮೊದಲಲ್ಲೇ ಅಂಟಿಸಬೇಕು. ಯಾರಾದರೂ 400 ಅನ್ನು 401 ಮಾಡಿದರೆ ಸಹಿ ತಾಳೆಯಾಗುವುದಿಲ್ಲ, 403, ಅಂದರೆ ಒಳಗೆ ಬಿಡುವುದಿಲ್ಲ ಅನ್ನುವ ಸಂಕೇತ ಕೊಟ್ಟು ಬಾಗಿಲಲ್ಲೇ ನಿಲ್ಲಿಸುತ್ತದೆ. ಚೆಕ್ಕಿನಲ್ಲಿ ಅಂಕಿ ತಿದ್ದಿದರೆ ಬ್ಯಾಂಕಿನವರು ವಾಪಸ್ ಕೊಡುತ್ತಾರಲ್ಲ, ಹಾಗೆ. ಸಹಿ ಇಲ್ಲದೆಯೂ ಓಡಿಸಬಹುದು, ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಲು ಅನುಕೂಲ, ಆಗ ಸಹಿಯ ಜಾಗದಲ್ಲಿ 'ಇನ್‌ಸೆಕ್ಯೂರ್' ಅಂತ ಬರೆದು ಮುಂದುವರಿಯುವುದು ರೂಢಿ. ಬ್ರೆಜಿಲ್‌ನ ಗ್ಲೋಬೋ ಮಾಧ್ಯಮದವರು ಮಾಡಿದ ಥಂಬರ್ ಅನ್ನುವ ಇದೇ ಥರದ ತಂತ್ರಾಂಶದಲ್ಲೂ ಸಹಿ ಇಲ್ಲದ ಲಿಂಕಿಗೆ 'ಅನ್‌ಸೇಫ್' ಅಂತಲೇ ಬರೆಯಬೇಕು. ಲಿಂಕೇ ನಮ್ಮನ್ನು ಗದರುತ್ತಿರುತ್ತದೆ. ಇದು ನನಗೆ ಬಹಳ ಇಷ್ಟ.

ಸಹಿಯ ಜೊತೆಗೆ ಇನ್ನೂ ಒಂದು ಇದೆ, ಪ್ರೀಸೆಟ್. ನನಗೆ ಬೇಕಾದ್ದು ನಾಲ್ಕೇ ಅಳತೆ. ಅವಕ್ಕೆ ನಾನೇ ಹೆಸರಿಟ್ಟಿದ್ದೇನೆ. ಲಿಂಕಿನಲ್ಲಿ ಅಳತೆಯ ಬದಲು ಆ ಹೆಸರು. ಪ್ರೀಸೆಟ್ ಬಿಟ್ಟು ಬೇರೇನನ್ನೂ ಒಪ್ಪಬೇಡ ಅಂತಲೂ ಹೇಳಬಹುದು. ಡಿಸೈನ್ ಬದಲಾದರೆ ಸರ್ವರಿನಲ್ಲಿ ಒಂದು ಕಡೆ ಅಂಕಿ ತಿದ್ದಿ, ಹಳೆಯ ಕ್ಯಾಶ್ (ಮೊದಲೇ ಮಾಡಿ ಎತ್ತಿಟ್ಟ ಫೋಟೋಗಳು, ಮುಂದೆ ಹೇಳುತ್ತೇನೆ) ಖಾಲಿ ಮಾಡಿದರೆ ಏಳೂ ವೆಬ್‌ಸೈಟಿನಲ್ಲಿ ಬದಲು.

ಅಡ್ಡ ಬಿದ್ದ ಫೋಟೋಗಳ ಕಾಟವೂ ತಪ್ಪಿತು. ಫೋನು ಹೇಗೆ ಹಿಡಿದಿದ್ದರು ಅನ್ನುವುದು ಫೋಟೋದ ಒಳಗೆ ಎಕ್ಸಿಫ್ ಅನ್ನುವ ಗುರುತಿನಲ್ಲಿ ಇರುತ್ತದೆ. ನಾನು ಮೊದಲು ಬರೆದುಕೊಂಡಿದ್ದ ಸ್ಕ್ರಿಪ್ಟ್ ಅದನ್ನು ನೋಡುತ್ತಿರಲಿಲ್ಲ, ಹಾಗಾಗಿ ಹೋಂಸ್ಟೇಯ ಅಜ್ಜಿ ಕಡುಬಿನ ಪಾತ್ರೆ ಸಮೇತ ಅಡ್ಡ ಮಲಗಿರುತ್ತಿದ್ದರು. ಇದು ನೋಡಿ ನೆಟ್ಟಗೆ ನಿಲ್ಲಿಸುತ್ತದೆ. ಆಮೇಲೆ ಎಕ್ಸಿಫ್ ಗುರುತುಗಳನ್ನು ಕಿತ್ತು ಹಾಕುತ್ತದೆ, ಜಿಪಿಎಸ್ ಜಾಗದ ಲೆಕ್ಕವೂ ಸೇರಿ. ಹೋಂಸ್ಟೇಗೆ ಅದು ಗೊತ್ತಾದರೆ ಲಾಭವೇ ಅನ್ನಿ. ಆದರೆ ಮನೆಯಲ್ಲೇ ಕೂತು ಉಪ್ಪಿನಕಾಯಿ ಮಾರುವ ಹೆಂಗಸರ ಫೋಟೋದಲ್ಲಿ ಮನೆಯ ಜಾಗ ಸಿಗುವುದು ಯಾಕೆ ಬೇಕು ಹೇಳಿ?

ಈಗ ಜೋಗದ ಕಥೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುತ್ತಿದ್ದ ಜುಲೈನ ಒಂದು ಫೋಟೋ, 253 ಮೀಟರ್ ಎತ್ತರ ಪೂರ್ತಿ ಕಾಣುವ ಹಾಗೆ ಫೋನನ್ನು ನಿಲ್ಲಿಸಿ ಹಿಡಿದು ತೆಗೆದದ್ದು. ಕೆಳಗಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ರೇನ್‌ಕೋಟ್ ಹಾಕಿದ ಒಬ್ಬ ಪ್ರವಾಸಿ. ಇದನ್ನು ಪಟ್ಟಿಗೆ ಚೌಕ ಮಾಡಬೇಕಿತ್ತು. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ತಾನೇ ಯೋಚಿಸುವ 'ಸ್ಮಾರ್ಟ್' ಆಯ್ಕೆ ಇದೆಯಲ್ಲ, ಅದನ್ನು ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಚೌಕದ ಮೂಲೆಯಲ್ಲಿ ರೇನ್‌ಕೋಟ್ ಮಹಾಶಯ ನಗುತ್ತಾ ನಿಂತಿದ್ದಾನೆ, ಹಿಂದೆ ಒಂದಿಷ್ಟು ಬಿಳಿ. ನಾಲ್ಕೂ ಧಾರೆಗಳ ತಲೆ ಕಾಣೆ. ಕೆಳಗೆ ನಾನೇ ಬರೆದ ಸಾಲು: "ಜೋಗ ಜಲಪಾತ".

ಆಮೇಲೆ ಓದಿದಾಗ ಕಾರಣ ತಿಳಿಯಿತು. ಆ ಸ್ಮಾರ್ಟ್ ಕತ್ತರಿ ಹುಡುಕುವುದು ಮೂರು: ಎದ್ದು ಕಾಣುವ ಅಂಚು, ಗಾಢ ಬಣ್ಣ, ಮನುಷ್ಯರ ಚರ್ಮದ ಬಣ್ಣ. ಮಂಜು ಮುಸುಕಿದ ಬಿಳಿ ಜಲಪಾತದಲ್ಲಿ ಇದು ಯಾವುದೂ ಇಲ್ಲ, ರೇನ್‌ಕೋಟಿನವನಲ್ಲಿ ಮೂರೂ ಇದೆ. ಅದರ ಲೆಕ್ಕದಲ್ಲಿ ಅದು ಸರಿಯೇ. ಸ್ಮಾರ್ಟ್ ಆಯ್ಕೆ ಹಾಕಿ ನೋಡದೆ ಮಲಗಿದವನು ನಾನು. ಈಗ ಜಲಪಾತ, ಬೆಟ್ಟ, ದೇವಸ್ಥಾನದ ಫೋಟೋಗಳಿಗೆಲ್ಲ ನಾನೇ ಬಿಂದು ಹೇಳುತ್ತೇನೆ. ಅಡ್ಡಕ್ಕೆ 0.5, ಉದ್ದಕ್ಕೆ 0.3 ಅಂದರೆ ನಡುವೆ, ಸ್ವಲ್ಪ ಮೇಲೆ ಅಂತ. ಜನರ ಫೋಟೋಗೆ ಮಾತ್ರ ಸ್ಮಾರ್ಟ್.

ಗುಣಮಟ್ಟದ ಅಂಕಿಯ (ಕಡಿಮೆ ಇಟ್ಟಷ್ಟೂ ಫೋಟೋ ಹೆಚ್ಚು ಹಿಂಡಿ, ಫೈಲ್ ಸಣ್ಣದಾಗುತ್ತದೆ) ಜೊತೆ ಇನ್ನೂ ಜಾಸ್ತಿ ಗುದ್ದಾಡಿದೆ. ಎಲ್ಲಾ ಫೋಟೋಗೂ ಒಂದೇ ಅಂಕಿ ಸಾಕು ಅಂದುಕೊಂಡಿದ್ದೆ, 60 ಇಟ್ಟೆ. ಸಾಗರದ ಅಂಗಡಿಯವರು ಫೋನ್ ಮಾಡಿದರು: "ಸಾರ್, ಆನೆಯ ಮೈಮೇಲಿನ ಬಳ್ಳಿಯೆಲ್ಲ ಕರಗಿ ಹೋದ ಹಾಗಿದೆ, ನಮ್ಮ ಕೆಲಸ ಅಷ್ಟು ಒರಟಲ್ಲ." ನೋಡಿದರೆ ಹೌದು, ಉಳಿಯ ಸಣ್ಣ ಗೆರೆಗಳೆಲ್ಲ ಮಸುಕು. ಗುಡಿಗಾರರ ಕೆಲಸದಲ್ಲಿ ಆ ಗೆರೆಗಳದ್ದೇ ಬೆಲೆ. ಅವರದ್ದಕ್ಕೆ 85 ಇಟ್ಟೆ. ಮಂಜಿನ ಫೋಟೋ ಇನ್ನೊಂದು ಥರ. ಆಗುಂಬೆಯ ಮಂಜಿನಲ್ಲಿ ಗೆರೆಯೇ ಇಲ್ಲ, ಹಾಗಾಗಿ ಎಷ್ಟು ಹಿಂಡಿದರೂ ನಡೆಯುತ್ತದೆ ಅನ್ನಿಸುತ್ತದೆ, ಫೈಲೂ ತುಂಬ ಸಣ್ಣದಾಗುತ್ತದೆ, ಆದರೆ ಬಿಳಿಯಿಂದ ಬೂದಿಗೆ ನಿಧಾನ ಹೋಗಬೇಕಾದ ಕಡೆ ಪಟ್ಟೆ ಪಟ್ಟೆ ಕಾಣುತ್ತದೆ, ಸುಣ್ಣ ಸರಿಯಾಗಿ ಬಳಿಯದ ಗೋಡೆಯ ಹಾಗೆ. ಚೆನ್ನಾಗಿ ಹಿಂಡಬಹುದಾದದ್ದು ಅಡಿಕೆ ತೋಟದ್ದು. ಅಷ್ಟು ಎಲೆಗಳ ನಡುವೆ ನಾಲ್ಕು ಎಲೆ ಮಸುಕಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಬ್ರೌಸರ್ ಫೋಟೋ ಕೇಳುವಾಗಲೇ ನನಗೆ ಯಾವ ಯಾವ ಬಗೆ ಓದಲು ಬರುತ್ತದೆ ಅಂತ ಹೇಳಿರುತ್ತದೆ. ಅದನ್ನು ನೋಡಿ ಇಮೇಜ್‌ಪ್ರಾಕ್ಸಿ ತಾನೇ ವೆಬ್‌ಪಿ ಕೊಡುತ್ತದೆ, ಬರದಿದ್ದವರಿಗೆ ಹಳೆಯ ಜೆಪೆಗ್. ವೆಬ್‌ಪಿ ಗೂಗಲ್‌ನವರು 2010ರಲ್ಲಿ ತಂದದ್ದು, ಈಗಿನ ಬ್ರೌಸರುಗಳಿಗೆಲ್ಲ ಗೊತ್ತು. ಅದಕ್ಕಿಂತ ಹೊಸದು ಅವಿಫ್, ಫೈಲ್ ಇನ್ನೂ ಸಣ್ಣದಾಗುತ್ತದೆ, ಆದರೆ ಮಾಡಲು ಸರ್ವರ್ ಏದುಸಿರು ಬಿಡುತ್ತದೆ. ನನ್ನ ಒಂದು ಕೋರಿಗೆ ಅದು ಆಗದ ಮಾತು, ಆಫ್ ಮಾಡಿಟ್ಟಿದ್ದೇನೆ.

ಅಷ್ಟು ಸಣ್ಣ ಸರ್ವರಿನಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಅಂತ ನನಗೂ ಅನುಮಾನ ಇತ್ತು. 4,000 ಅಗಲ, 3,000 ಎತ್ತರದ ಫೋಟೋವನ್ನು ಪೂರ್ತಿ ಬಿಚ್ಚಿ ಮೆಮೊರಿಯಲ್ಲಿ ಹರಡಿದರೆ 36 ಎಂಬಿ ಆಗುತ್ತದೆ. ಹತ್ತು ಜನ ಒಟ್ಟಿಗೆ ಕೇಳಿದರೆ ಗೋವಿಂದ. ಆದರೆ ಜೆಪೆಗ್‌ನಲ್ಲಿ ಒಂದು ಅನುಕೂಲ ಇದೆ, ಬಿಚ್ಚುವಾಗಲೇ ಅರ್ಧ, ಕಾಲು ಅಥವಾ ಎಂಟನೇ ಒಂದು ಅಳತೆಗೆ ಬಿಚ್ಚಬಹುದು. ಲಿಬ್‌ವಿಪ್ಸ್ ಅದನ್ನು ಬಳಸಿಕೊಳ್ಳುತ್ತದೆ, ಉಳಿದದ್ದನ್ನೂ ತುಂಡು ತುಂಡಾಗಿ ಮಾಡುತ್ತದೆ. ಅದಕ್ಕೇ 1 ಜಿಬಿಯಲ್ಲಿ ಸಂಸಾರ ಸಾಗುತ್ತಿದೆ.

ಕಷ್ಟಗಳೂ ಇವೆ. ಉಚಿತ ಆವೃತ್ತಿ ತಾನು ಮಾಡಿದ್ದನ್ನು ಎಲ್ಲೂ ಇಟ್ಟುಕೊಳ್ಳುವುದಿಲ್ಲ. ನೂರು ಜನ ಕೇಳಿದರೆ ನೂರು ಸಲ ಮಾಡುತ್ತದೆ. ಹಾಗಾಗಿ ಮುಂದೆ ಒಂದು ಕ್ಯಾಶ್ ಬೇಕೇ ಬೇಕು. ದುಡ್ಡಿನ ಕ್ಯಾಶ್ ಅಲ್ಲ, ಮಾಡಿದ್ದನ್ನು ಎತ್ತಿಟ್ಟುಕೊಳ್ಳುವ ಉಗ್ರಾಣ. ನಾನು ಅದಕ್ಕೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶ ಇಟ್ಟಿದ್ದೇನೆ. ಮೊದಲ ಸಲ ಕೇಳಿದವರಿಗೆ ಸ್ವಲ್ಪ ತಡ, ಆಮೇಲಿನವರಿಗೆ ತಕ್ಷಣ. ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಒಂದೇ ಲಿಂಕಿಗೆ ಒಬ್ಬರಿಗೆ ವೆಬ್‌ಪಿ, ಇನ್ನೊಬ್ಬರಿಗೆ ಜೆಪೆಗ್ ಹೋಗುತ್ತದಲ್ಲ, ಉಗ್ರಾಣದವನಿಗೆ ಅದನ್ನು ಬೇರೆ ಬೇರೆ ಇಡು ಅಂತ ಹೇಳಲು ಮರೆತಿದ್ದೆ. ಒಂದು ಸರ್ಕಾರಿ ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ನೋಡಿದವರಿಗೆ ಫೋಟೋ ತೆರೆಯದೆ, ಅವರು ನನಗೆ ಹೇಳಿ, ಆಮೇಲೆ ಗೊತ್ತಾಯಿತು.

ಸಹಿ ಹಾಕಲು ಸರ್ವರಿನ ಕಡೆ ಏನಾದರೂ ಪ್ರೋಗ್ರಾಂ ಇರಬೇಕು. ಬರೀ ಎಚ್‌ಟಿಎಂಎಲ್ ಬರೆದು ಹಾಕುವವರಿಗೆ ಇದು ತಲೆನೋವು. ಗುಟ್ಟಿನ ಕೀಯನ್ನು ಪುಟದಲ್ಲೇ ಬರೆದಿಟ್ಟರೆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಲ್ಲೇ ಮೊಳೆಗೆ ತೂಗು ಹಾಕಿದ ಹಾಗೆ.

ಇನ್ನು ಕನ್ನಡ. ಮೊದಲಿನ ಆ ಹೊರದೇಶದ ಸೇವೆಯಲ್ಲಿ ಫೋಟೋ ಮೇಲೆ ಅಕ್ಷರ ಬರೆಯುವ ಸೌಲಭ್ಯ ಇತ್ತು, ಅದೂ ಲಿಂಕಿನಲ್ಲೇ. ಆಸೆಯಿಂದ "ಶಿವಮೊಗ್ಗ" ಅಂತ ಬರೆಸಿದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಲಿಂಕಿನಲ್ಲಿ ಒಂದೊಂದು ಬೈಟಿಗೂ ಮೂರು ಅಕ್ಷರ. ನಮ್ಮ ಊರಿನ ಹೆಸರಿನಲ್ಲಿ ಎಂಟು ಸಂಕೇತ, ಲಿಂಕಿನಲ್ಲಿ 72 ಅಕ್ಷರದ ಬಾಲ ಆಯಿತು. ಹೋಗಲಿ ಅಂದರೆ ಫೋಟೋ ಮೇಲೆ ಬಂದದ್ದು ಒತ್ತಕ್ಷರ ಮುರಿದ ಹೆಸರು, ಗ್ ಬೇರೆ, ಗ ಬೇರೆ. ಆ ದಿನದಿಂದ ಕನ್ನಡ ಬೇಕಾದ ಕಡೆ ಹೆಸರನ್ನು ಮೊದಲೇ ಪಾರದರ್ಶಕ ಪಿಎನ್‌ಜಿ ಮಾಡಿಟ್ಟುಕೊಳ್ಳುತ್ತೇನೆ. ಇಮೇಜ್‌ಪ್ರಾಕ್ಸಿಯ ಉಚಿತ ಆವೃತ್ತಿಯಲ್ಲಿ ಅದನ್ನು ವಾಟರ್‌ಮಾರ್ಕ್ ಆಗಿ ಮೂಲೆಯಲ್ಲಿ ಕೂರಿಸಬಹುದು. ನನಗೆ ಅಷ್ಟು ಸಾಕು.

ಸರ್ವರ್ ಗೋಜೇ ಬೇಡ ಅನ್ನುವವರಿಗೆ ಬೇರೆ ದಾರಿಗಳಿವೆ. ಕ್ಲೌಡಿನರಿ ದೊಡ್ಡದು, ಸೌಲಭ್ಯ ಬಹಳ, ಲಿಂಕ್ ಓದಲೂ ಸುಲಭ. ಇಮೇಜ್‌ಕಿಟ್ ನಮ್ಮ ದೇಶದವರದ್ದೇ. ಡೊಮೇನ್ ಈಗಾಗಲೇ ಕ್ಲೌಡ್‌ಫ್ಲೇರ್‌ನಲ್ಲಿದ್ದರೆ ಅಲ್ಲೂ ಇದೇ ಕೆಲಸ ಆಗುತ್ತದೆ. ವೆಸರ್ವ್ ಅನ್ನುವುದು ಪೂರ್ತಿ ಉಚಿತ, ಓಪನ್ ಸೋರ್ಸ್, ಖಾತೆಯೂ ಬೇಡ, ಫೋಟೋದ ವಿಳಾಸ ಕೊಟ್ಟರೆ ಸಾಕು, ಸಣ್ಣ ಕೆಲಸಕ್ಕೆ ಮೊದಲು ಅದನ್ನೇ ನೋಡಿ. ಯಾವುದನ್ನೇ ಹಿಡಿದರೂ ಲಿಂಕಿನಲ್ಲಿ ನಿಮ್ಮದೇ ಡೊಮೇನ್ ಇರುವ ಹಾಗೆ ಮಾಡಿಕೊಳ್ಳಿ. ನಾನು ಮೊದಲಿನ ಸೇವೆ ಬಿಡುವಾಗ ಅವರ ಹೆಸರಿದ್ದ ಲಿಂಕುಗಳು 300ಕ್ಕೂ ಜಾಸ್ತಿ ಕಡೆ ಇದ್ದವು. ಎರಡು ರಾತ್ರಿ ಅದನ್ನೇ ಹುಡುಕಿ ಹುಡುಕಿ ತಿದ್ದಿದ್ದೇನೆ.

ಇನ್ನೊಂದು, ಇದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಗಿರಾಕಿಗಳು ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮಾಮೂಲಿ ಕಳಿಸಿದರೆ ಅದು ಅಲ್ಲೇ ಸುಮಾರು 1,600 ಪಿಕ್ಸೆಲಿಗೆ ಇಳಿದು, ಒಮ್ಮೆ ಹಿಂಡಿಸಿಕೊಂಡು ಬಂದಿರುತ್ತದೆ. ಹಿಂಡಿದ ಹುಣಸೆಹಣ್ಣನ್ನು ಮತ್ತೆ ಹಿಂಡಿದರೆ ಏನು ಬರುತ್ತದೆ? 'ಡಾಕ್ಯುಮೆಂಟ್' ಅಂತ ಕಳಿಸಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಅರ್ಧ ಜನ ಕೇಳುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಕ್ಯಾಶ್ ಮತ್ತು ಸಹಿಯ ಗೊಂದಲಕ್ಕೆ. ಆಗುಂಬೆಯ ಜಗಲಿಯಲ್ಲಿ ಮತ್ತೆ ಕೂತು ನೋಡಿದ್ದೇನೆ, ಒಂದೇ ಕಡ್ಡಿ ಸಿಗ್ನಲ್ ಇತ್ತು, ನಾನು ಕಾಫಿ ಲೋಟ ಎತ್ತುವುದರೊಳಗೆ ಹನ್ನೆರಡೂ ಫೋಟೋ ಬಂದವು. ಯಜಮಾನರು ಏನೂ ಹೇಳಲಿಲ್ಲ.

ಮೊನ್ನೆ ಅವರಿಗೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಗೆ ಒಂದು ಫ್ಲೆಕ್ಸ್ ಹಾಕಿಸಬೇಕಿತ್ತು, ಹತ್ತು ಅಡಿ ಅಗಲದ್ದು. ವೆಬ್‌ಸೈಟಿನಿಂದ ಫೋಟೋ ಇಳಿಸಿ ಫ್ಲೆಕ್ಸ್ ಅಂಗಡಿಗೆ ಕೊಟ್ಟಿದ್ದಾರೆ, ಅಲ್ಲಿಯ ಹುಡುಗ "ಇದು ತೀರಾ ಸಣ್ಣದು, ಒಡೆದು ಹೋಗ್ತದೆ" ಅಂದಿದ್ದಾನೆ. ನನಗೆ ಫೋನ್ ಬಂತು. ಮೂಲ ಫೋಟೋ ಹಾಗೇ ಇತ್ತಲ್ಲ, ಅದನ್ನೇ ಕಳಿಸಿದೆ, 4,000 ಅಗಲದ್ದು, ಡಾಕ್ಯುಮೆಂಟ್ ಮಾಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್.

"ಇಷ್ಟು ದೊಡ್ಡದು ನಿನ್ನ ಹತ್ರ ಇತ್ತಾ? ಮತ್ತೆ ವೆಬ್‌ಸೈಟಿಗೆ ಎಂಥಕ್ಕೆ ಸಣ್ಣದು ಹಾಕಿದ್ದು ಮಾರಾಯ?"